ಹಲ್ಲು ನೋಡಿ ತಂದ ಸೈಕಲ್ಲು

ಇವತ್ತು ಬೆಳಿಗ್ಗೆ ಎದ್ದು ನಲ್ಲಿ ನೀರು ಹಿಡಿದೆ, ಅಂಗಳ ತೊಳೆದೆ, ಹೆಸರುಕಾಳು ನೆನೆಹಾಕಿದೆ, ಊರಿಂದ ಬಂದ ಅತ್ತೆ ತನ್ನ ಲಂಗದ ಲಾಡಿ ಎಲ್ಲೋ ಕಳೆದಿದೆ ಅಂದದ್ದಕ್ಕೆ ಹೊಸದು ಪೋಣಿಸಿಕೊಟ್ಟೆ, ಆಮೇಲೆ ಹೋಗಿ ಒಂದು ಎತ್ತು ನೋಡಿಕೊಂಡು ಬಂದೆ.

ಎತ್ತು ಅಂದದ್ದು ನಾನಲ್ಲ, ನನ್ನ ಸೋದರಮಾವ. ಅಸಲಿಗೆ ಅದು ಸೈಕಲ್ಲು. ಗೇರಿನದು, ಗುಡ್ಡ ಹತ್ತುವಂಥದ್ದು, ಹಳೆಯದು. ಆದರೆ ಕೊಳ್ಳುವುದು ಏನೇ ಇರಲಿ, ಎತ್ತಿನ ಹಾಗೆ ಪರೀಕ್ಷೆ ಮಾಡದೆ ಮಾವ ಮನೆಯೊಳಗೆ ಬಿಟ್ಟುಕೊಳ್ಳುವವನಲ್ಲ. ಕುರುಗೋಡಿನಲ್ಲಿದ್ದಾಗ ಓಣಿಯವರಿಗೆಲ್ಲ ಎತ್ತು ಆರಿಸಿಕೊಡುತ್ತಿದ್ದವನು. ನನ್ನನ್ನು ನೋಡಲು ಬಂದ ವರನನ್ನೂ ಅಂಗಳದಲ್ಲಿ ಎರಡು ಸುತ್ತು ನಡೆಸಿ, "ಎಡಗಾಲು ಒಂಚೂರು ಎಳೀತಾನ, ಆದ್ರ ಹಾಯೋದಿಲ್ಲ" ಅಂದಿದ್ದ. ಇಪ್ಪತ್ತೈದು ವರ್ಷವಾಯಿತು, ನನ್ನ ಗಂಡ ಇನ್ನೂ ಹಾಯ್ದಿಲ್ಲ!

ಸೈಕಲ್ಲಿನ ಪ್ರಸಂಗ ಯಾಕೆ ಬಂತು ಅಂತ ಹೇಳಬೇಕು. ಸಿರುಗುಪ್ಪದಲ್ಲಿ ಕಾಲುವೆ ಪಕ್ಕ ಮಾವನದು ಭತ್ತದ ಹೊಲ. ಸ್ಕೂಟರಿನಲ್ಲಿ ಹೋಗುವಾಗ ಮಾವ ರಸ್ತೆ ನೋಡುವುದಿಲ್ಲ, ಅಕ್ಕಪಕ್ಕದವರ ಪೈರು ನೋಡುತ್ತಾನೆ. ಹೀಗೆ ನೋಡುತ್ತ ನೋಡುತ್ತ ಎರಡು ಸಲ ಪೈರಿನೊಳಗೇ ಇಳಿದ. ಎರಡನೇ ಸಲ ಹಿಂದಿನ ಸೀಟಿನಲ್ಲಿ ಅವನ ಹೆಂಡತಿ, ಅಂದರೆ ಅತ್ತೆಯೂ ಇದ್ದಳು. ಕೆಸರಿನಿಂದ ಎದ್ದವಳೇ ಚಾವಿ ಕಿತ್ತು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಅವತ್ತಿನಿಂದ ಆರು ತಿಂಗಳು ಇಬ್ಬರೂ ಹೊಲದ ಮುಖ ನೋಡಿಲ್ಲ. ಬೇರೆಯವರ ಗಾಡಿ ಹಿಂದೆ ಕುಳಿತು ಹೋದರೆ ಸ್ವಂತ ಹೊಲ ನೆಂಟರ ಹೊಲದಂತೆ ಕಾಣುತ್ತದಂತೆ ಮಾವನಿಗೆ. ಹಾಗಾದರೆ ಗುತ್ತಿಗೆಗೆ ಕೊಟ್ಟುಬಿಡೋಣ ಅಂದಳು ಅತ್ತೆ. ಇಂಜಿನ್ ಇಲ್ಲದ ಗಾಡಿ ಸಿಕ್ಕರೆ ತಾನೇ ಹೋಗುತ್ತೇನೆಂದು ಮಾವ ಅಂಗಲಾಚಿದ. ಕೊನೆಗೆ ಅತ್ತೆ ಒಂದು ಷರತ್ತು ಹಾಕಿದಳು: ಬಳ್ಳಾರಿಯಲ್ಲೇ ಇರುವ ನಾನು ಸೈಕಲ್ ನೋಡುವಾಗ ಮಾವನ ಜೊತೆಗಿರಬೇಕು, ನಾನು ಬೇಡ ಅಂದರೆ ಹೊಲ ಗುತ್ತಿಗೆಗೆ. ಇವತ್ತು ಇಬ್ಬರೂ ಮೊದಲ ಬಸ್ಸಿಗೇ ನಮ್ಮ ಮನೆಗೆ ಬಂದಿಳಿದರು.

ಸೈಕಲ್ ಇದ್ದದ್ದು ಪಾರ್ವತಿನಗರದ ಹಲ್ಲಿನ ಡಾಕ್ಟರೊಬ್ಬರ ಹತ್ತಿರ. ಹೊಟ್ಟೆ ಕರಗಿಸಲು ಕೊಂಡದ್ದಂತೆ. ಹೊಟ್ಟೆ ಹಾಗೇ ಇತ್ತು, ತುಕ್ಕು ಹಿಡಿದದ್ದು ಸೈಕಲ್ಲಿಗೆ. ಮಾವ ಕ್ಲಿನಿಕ್ಕಿನೊಳಗೆ ಕಾಲಿಟ್ಟವನೇ ಕೇಳಿದ, "ಹಲ್ಲು ಹೆಂಗ ಅದಾವ್ರಿ?"

ಡಾಕ್ಟರು ಕುರ್ಚಿ ತೋರಿಸಿದರು. "ಕೂಡ್ರಿ ಯಜಮಾನ್ರೆ. ಬಾಯಿ ತೆಗೀರಿ, ನೋಡಿ ಹೇಳ್ತೀನಿ."

ಇವನಾದರೂ ಬೇಡ ಅನ್ನಬಾರದೆ? ಕೂತು ಬಾಯಿ ತೆರೆದೇಬಿಟ್ಟ. ನಾವು ಸೈಕಲ್ಲಿಗೆ ಬಂದವರು ಅಂತ ನಾನು ಬಿಡಿಸಿ ಹೇಳುವಷ್ಟರಲ್ಲಿ ಎರಡು ಹುಳುಕು ಪತ್ತೆಯಾಗಿದ್ದವು.

ಆಮೇಲೆ ಸೈಕಲ್ಲಿನ ಸರದಿ. ಬೆದರುತ್ತದೋ ಏನೋ ಎಂದು ಮಾವ ಅದರ ಮುಂದೆ ಟವೆಲು ಝಾಡಿಸಿದ. ಬೆದರಲಿಲ್ಲ. ಹಿಂದಿನಿಂದ ಬಂದು ಸೀಟು ತಟ್ಟಿದ. ಒದೆಯಲಿಲ್ಲ. ಕುಕ್ಕರಗಾಲಿನಲ್ಲಿ ಕೂತು, ಪೆಡಲು ತಿರುಗಿಸುತ್ತ, ಗೇರಿನ ಹಲ್ಲುಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿ ನೋಡಿದ. ನಗಲು ಸಿದ್ಧಳಾಗಿದ್ದ ನಾನು ಸುಮ್ಮನಾದೆ, ಅವನ ಬೆರಳು ನಿಂತ ಕಡೆ ನಿಜವಾಗಿಯೂ ಸವೆದಿತ್ತು.

"ನೋಡಮ್ಮ, ನಡುವಿನ ಗೇರಿನ ಹಲ್ಲು ಸವದಾವ. ವಯಸ್ಸಾಗೈತಿ ಇದಕ್ಕ. ಆದ್ರ ಎಲುಬು ಗಟ್ಟಿ ಐತಿ."

ಹಿಂದಿನ ಗಾಲಿ ತುಸು ಕುಂಟುತ್ತಿತ್ತು, ಬ್ರೇಕು ಚೆನ್ನಾಗಿ ಹಿಡಿಯುತ್ತಿತ್ತು. ಕೊನೆಗೆ ಮಾವ ಜೇಬಿನಿಂದ ಗಂಟು ಹಾಕಿದ ಒಂದು ದಾರ ತೆಗೆದು ನೆಲದಿಂದ ಹಿಂದಿನ ಗಾಲಿಯ ನೆತ್ತಿಯವರೆಗೆ ಹಿಡಿದು ನೋಡಿ ಮಡಚಿಟ್ಟ. ಏನದು ಅಂದರೆ ಗಾಲಿಯ ಗಾಳಿ ಒತ್ತಿ ನೋಡತೊಡಗಿದ.

ಬೆಲೆಯ ಮಾತಿಗೆ ಮಾವ ಡಾಕ್ಟರ ಬಲಗೈ ಹಿಡಿದು ಮೇಲೆ ಟವೆಲು ಹೊದಿಸಿದ. ಎತ್ತಿನ ವ್ಯಾಪಾರ ಹಾಗೇ ಅಲ್ಲವೇ, ಪಕ್ಕದವರಿಗೆ ಗೊತ್ತಾಗದಂತೆ ಟವೆಲಿನಡಿ ಬೆರಳು ಮುಟ್ಟಿಯೇ ಬೆಲೆ ಹೇಳಬೇಕು. ಪಕ್ಕದಲ್ಲಿ ಇದ್ದವಳು ನಾನೊಬ್ಬಳು! ಡಾಕ್ಟರು ಮೆಲ್ಲಗೆ, "ನನ್ನ ನಾಡಿ ಸರಿ ಐತ್ರಿ ಯಜಮಾನ್ರೆ, ಮೊನ್ನೆನ ತೋರಿಸೀನಿ" ಅಂದರು.

ಬೆಲೆ ಬಾಯಿಮಾತಿನಲ್ಲೇ ಕುದುರಿತು. ಮಾವ ಹತ್ತಿ ರಸ್ತೆಯ ಕೊನೆಯವರೆಗೆ ನೆಟ್ಟಗೆ ಹೋಗಿ ಬಂದ. ಪಾರ್ವತಿನಗರದಲ್ಲಿ ಪೈರು ಎಲ್ಲಿಂದ ಬರಬೇಕು? ನಾನು ಹೂಂ ಅನ್ನಬೇಕು, ಅಷ್ಟರಲ್ಲಿ ಅವನೇ ಇಳಿದು ಬೇಡ ಅಂದುಬಿಟ್ಟ. ಕ್ಯಾರಿಯರ್ ಇಲ್ಲವಂತೆ. ಇಂಥ ಸೈಕಲ್ಲಿಗೆ ಅದು ಇರುವುದೇ ಇಲ್ಲ ಅಂದರು ಡಾಕ್ಟರು. ಹುಲ್ಲಿನ ಹೊರೆ ತರುವುದಿದೆಯೇ ಅಂತ ಕೇಳಿದೆ, ಮಾವ ಇಲ್ಲವೆಂದು ತಲೆ ಅಲ್ಲಾಡಿಸಿದ. ಮುಖ ಸಣ್ಣದಾಗಿತ್ತು. ಆರು ತಿಂಗಳು ಕಾದು ಇಷ್ಟಕ್ಕೆ ಹೊಲ ಬಿಡುವುದೇ? ಡಾಕ್ಟರಿಗೆ ದುಡ್ಡು ಕೊಡಿಸಿ ನಾನೇ ಹ್ಯಾಂಡಲ್ ಹಿಡಿದು ಸೈಕಲ್ ಶಾಪಿಗೆ ಹೊರಟೆ.

ಶಾಪಿನಲ್ಲಿ ದಾರ ಮತ್ತೆ ಹೊರಗೆ ಬಂತು. ಕ್ಯಾರಿಯರ್ ಆ ಗಂಟಿಗಿಂತ ಒಂದು ಬೆರಳೂ ಮೇಲೆ ಹೋಗಬಾರದಂತೆ. ಮೆಕ್ಯಾನಿಕ್ ಮೂರು ಸಲ ಬಿಚ್ಚಿ ಹಾಕಿದ. ಇವರು ದರ್ಜಿಯೇನಮ್ಮ ಅಂತ ನನ್ನ ಕಿವಿಯಲ್ಲಿ ಕೇಳಿದ.

ಮನೆಗೆ ಬಂದಾಗ ಅಂಗಳಕ್ಕೆ ಬಂದ ಅತ್ತೆ ಸೈಕಲ್ ನೋಡಲಿಲ್ಲ. ಮಾವನ ಜೇಬಿನಿಂದ ಇಳಿಬಿದ್ದದ್ದನ್ನು ನೋಡಿದಳು.

"ಇದು ನನ್ನ ಲಂಗದ ಲಾಡಿ ಅಲ್ಲೇನ್ರಿ?"

ಮಾವ ನೆಲ ನೋಡಿದ. "ಸ್ಕೂಟರಿನ ಹಿಂದಿನ ಸೀಟು ಅಳದೀನಿ. ಅಷ್ಟ ಎತ್ತರ ಇದ್ರ ನಿನ್ನ ಮಣಕಾಲಿಗೆ ತ್ರಾಸಾಗಂಗಿಲ್ಲ. ಕೈಗೆ ಬ್ಯಾರೆ ದಾರ ಸಿಗಲಿಲ್ಲ."

ಅತ್ತೆ ಲಾಡಿ ನೋಡಿದಳು, ಕ್ಯಾರಿಯರ್ ನೋಡಿದಳು. ಸೀರೆ ಸರಿಮಾಡಿಕೊಂಡು ಕ್ಯಾರಿಯರಿಗೆ ಒರಗಿ ಹಾಗೇ ಕುಳಿತಳು. ಹತ್ತಬೇಕಾಗಲೇ ಇಲ್ಲ. ಆಮೇಲೆ ಮುಂದೆ ಹ್ಯಾಂಡಲ್ ಹಿಡಿದಿದ್ದ ಮಾವನ ಬೆನ್ನಿಗೆ ಹೇಳಿದಳು, "ಪೈರು ನಾ ನೋಡ್ತೀನಿ. ನೀವು ರಸ್ತಾ ನೋಡ್ರಿ."

ರಾತ್ರಿ ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಮೊಸರು. ಹುಳುಕಿನ ಕಡೆ ತಪ್ಪಿಸಿ ಮಾವ ಮೂರು ರೊಟ್ಟಿ ತಿಂದ. ಮೊದಲು ನಿದ್ದೆ ಹೋದವಳು ಅತ್ತೆ. ಸ್ಕೂಟರಿನ ಚಾವಿ ಸೆರಗಿನಲ್ಲೇ ಇತ್ತು, ಲಾಡಿಯನ್ನು ಮಾತ್ರ ವಾಪಸ್ಸು ಕೇಳಲಿಲ್ಲ.