ಅತ್ತೆಯ ಹೆಸರಿನಲ್ಲಿ ಬಿಟ್ಟ ನೌಕರಿ

ಬೇಡ ಎನ್ನುವ ಮಾತು ನನ್ನ ಬಾಯಿಂದ ಸುಲಭವಾಗಿ ಹೊರಡುವುದಿಲ್ಲ. ಕಾಯಿಪಲ್ಯೆಯವಳು ಹುಳುಕು ಬದನೆಕಾಯಿ ತಕ್ಕಡಿಗೆ ಹಾಕಿದರೂ ನಾನು ಬೇರೆ ಕಡೆ ನೋಡುತ್ತೇನೆ. ಮದುವೆಯ ಊಟದಲ್ಲಿ ಮೂರನೆಯ ಹೋಳಿಗೆ ಬಂದರೆ ಎಲೆಗೆ ಕೈ ಅಡ್ಡ ಹಿಡಿಯುತ್ತೇನೆ, ಬಡಿಸುವವರು ಬೆರಳ ಸಂದಿಯಿಂದಲೇ ಜಾರಿಸಿ ಹೋಗುತ್ತಾರೆ. ಇಂಥ ನಾನು ಐವತ್ತರ ಹತ್ತಿರ ಬಂದ ಮೇಲೆ ಒಮ್ಮೆ ಗಟ್ಟಿಯಾಗಿ ಬೇಡ ಎಂದೆ. ಅದೂ ಯಾವುದಕ್ಕೆ? ಎಷ್ಟೋ ವರ್ಷಗಳ ನಂತರ ನನಗೆ ನಿಜವಾಗಿ ಬೇಕು ಅನಿಸಿದ ಒಂದೇ ಸಂಗತಿಗೆ. ಆ ಬೇಡವನ್ನೂ ನಾನೇ ಹೇಳಲಿಲ್ಲ, ನಮ್ಮ ಮನೆಯವರ ಬಾಯಿಂದ ಹೇಳಿಸಿದೆ. ಆ ಕಥೆಯನ್ನೇ ಈಗ ಹೇಳಹೊರಟಿದ್ದೇನೆ.

ನಮ್ಮದು ಹುನಗುಂದ. ಮನೆಯವರು ಒಂದು ಖಾಸಗಿ ಕಾಲೇಜಿನಲ್ಲಿ ಗುಮಾಸ್ತರು. ಒಬ್ಬಳೇ ಮಗಳು ಬಾಗಲಕೋಟೆಯಲ್ಲಿ ನರ್ಸಿಂಗ್ ಓದಲು ಹಾಸ್ಟೆಲ್ ಸೇರಿದ ಮೇಲೆ ಮನೆಯಲ್ಲಿ ನಾವಿಬ್ಬರು ಮತ್ತು ನಮ್ಮ ಅತ್ತೆ. ಅತ್ತೆಗೆ ಎಪ್ಪತ್ತು ದಾಟಿದೆ, ಆದರೆ ಅದನ್ನು ಅವರಿಗೆ ಯಾರೂ ತಿಳಿಸಿದಂತಿಲ್ಲ. ಈಗಲೂ ಹಿಟ್ಟು ತಟ್ಟಲು ಕೂತರೆ ಓಣಿಯ ಕೊನೆಯವರೆಗೂ ರೊಟ್ಟಿಯ ಸಪ್ಪಳ ಕೇಳಿಸುತ್ತದೆ. ಅಡುಗೆ ಮನೆ ಹೀಗೆ ಅವರ ಕೈಯಲ್ಲಿದ್ದುದರಿಂದ ಮಧ್ಯಾಹ್ನದ ಹೊತ್ತು ನನಗೆ ಮಾಡಲು ಕೆಲಸವೇ ಇರುತ್ತಿರಲಿಲ್ಲ. ಒಣಗಿದ ಬಟ್ಟೆಗಳನ್ನು ಮಡಚುವುದು, ಮಡಿಕೆ ಸರಿಯಾಗಲಿಲ್ಲವೆಂದು ಬಿಚ್ಚಿ ಮತ್ತೆ ಮಡಚುವುದು, ಇಷ್ಟೇ ನನ್ನ ಉದ್ಯೋಗ.

ಈ ಚಟವೇ ನೌಕರಿಯನ್ನು ಹುಡುಕಿಕೊಟ್ಟಿತು. ನಾದಿನಿಯ ಮಗಳ ಮದುವೆಗೆ ಸೀರೆ ತರಲು ಇಳಕಲ್ಲಿಗೆ ಹೋಗಿದ್ದೆ. ಅಂಗಡಿಯಲ್ಲಿ ಗದ್ದಲವೋ ಗದ್ದಲ. ಬಾದಾಮಿಯ ಕಡೆಯ ಯಾವುದೋ ಬೀಗರ ಹಿಂಡು ಬಂದು ಗಾದಿಯ ತುಂಬ ಸೀರೆ ಹರವಿಸಿಕೊಂಡು ಕೂತಿತ್ತು. ನನ್ನ ಪಾಳಿ ಬರುವವರೆಗೆ ಸುಮ್ಮನಿರಲಾಗದೆ, ಕಾಲ ಬಳಿ ಬಿದ್ದಿದ್ದ ಸೀರೆಗಳನ್ನು ಒಂದೊಂದಾಗಿ ಎತ್ತಿ, ಸೆರಗು ಮೇಲೆ ಬರುವಂತೆ ಮಡಚಿ ಇಡತೊಡಗಿದೆ. ಗಲ್ಲಾದ ಮೇಲೆ ಕೂತಿದ್ದ ಅಂಗಡಿಯ ಒಡತಿ ಪಾರ್ವತಕ್ಕ ಕನ್ನಡಕದ ಮೇಲಿನಿಂದ ನೋಡುತ್ತಿದ್ದರಂತೆ. ದುಡ್ಡು ಕೊಡಲು ಹೋದಾಗ ಮೆಲ್ಲಗೆ ಕೇಳಿದರು, "ಅಕ್ಕಾರ, ನಮ್ಮಲ್ಲೆ ಕೆಲಸಕ್ಕ ಬರ್ತೀರೇನ್ರಿ?"

ಮೊದಲು ಚೇಷ್ಟೆ ಅಂದುಕೊಂಡೆ. ಅವರು ಚೇಷ್ಟೆ ಮಾಡುವ ಹೆಂಗಸಲ್ಲ. ಸಂಬಳ ಇಷ್ಟು, ಬೆಳಿಗ್ಗೆ ಅಂಗಡಿ ತೆಗೆದಾಗಿನಿಂದ ದೀಪ ಹಚ್ಚುವವರೆಗೆ ಕೆಲಸ, ಕಪಾಟಿನಿಂದ ಗಂಟು ಇಳಿಸಬೇಕು, ಮತ್ತೆ ಏರಿಸಬೇಕು, ಗಿರಾಕಿ ಇರುವಾಗ ಕೂಡುವಂತಿಲ್ಲ ಎಂದೆಲ್ಲ ಬಿಚ್ಚಿ ಹೇಳಿದರು. "ಒಂದಿನ ಬಂದು ಮಾಡಿ ನೋಡ್ರಿ. ಆಮ್ಯಾಲೆ ವಿಚಾರ ಮಾಡ್ರಿ" ಎಂದರು.

ಮನೆಗೆ ಬಂದು ಸುದ್ದಿ ಹೇಳಿದೆ. ಸಂಬಳ ಕೇಳಿ ಮನೆಯವರು, "ಇದು ವಾರದ್ದೇನ?" ಎಂದರು. ತಿಂಗಳದ್ದು ಎಂದಾಗ ಅವರಿಗೆ ಬಂದ ನಗು ಬೇಗ ನಿಲ್ಲಲಿಲ್ಲ. ಬಸ್ಸಿನ ಖರ್ಚಿನ ಮಾತು ತೆಗೆದರು. ಹೆಂಗಸರಿಗೆ ಬಸ್ಸು ಪುಕ್ಕಟೆ ಎಂದು ನೆನಪಾಗಿ ಆ ಮಾತನ್ನು ಅಲ್ಲೇ ನುಂಗಿದರು. "ನಿನಗೇನ್ ಕಡಿಮಿ ಆಗೇತಿ ಈ ಮನ್ಯಾಗ?" ಎಂದು ಕೊನೆಗೆ ಕೇಳಿದರು. ಕಡಿಮೆ ಏನೂ ಆಗಿರಲಿಲ್ಲ. ಅದನ್ನು ಹೇಗೆ ತಿಳಿಸಿ ಹೇಳುವುದೆಂದು ತೊದಲುತ್ತಿದ್ದಾಗ, ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದ ಅತ್ತೆ ತಲೆ ಎತ್ತದೆಯೇ ಅಂದರು, "ಹೋಗಿ ನೋಡವಾ. ನನ್ನ ಯಾರೂ ಕರೀಲಿಲ್ಲ. ಕರದಿದ್ರ ನಾ ಹೋಗತಿದ್ದೆ."

ಹೋದೆ. ಆ ದಿನದ ಬಗ್ಗೆ ಏನು ಹೇಳಲಿ! ಗಿರಾಕಿಯಾಗಿ ಹೋದಾಗ ಹೂವಿನಂತೆ ಕಾಣುವ ಸೀರೆಗಳು ಗಂಟು ಕಟ್ಟಿದಾಗ ಜೋಳದ ಚೀಲದ ಭಾರ ಆಗುತ್ತವೆಂದು ಅಂದೇ ತಿಳಿಯಿತು. ನಿಚ್ಚಣಿಕೆ ಏರಿದೆ, ಇಳಿದೆ, ಮತ್ತೆ ಏರಿದೆ. ಬಂದವರೆಲ್ಲ "ಅದರ ಕೆಳಗಿಂದು ತಗೀರಿ" ಎನ್ನುವವರೇ. ಮೇಲಿನದನ್ನು ಯಾಕೆ ಯಾರೂ ಒಲ್ಲರೋ! ನಾನೂ ಜೀವಮಾನವಿಡೀ ಕೆಳಗಿನದನ್ನೇ ಕೇಳಿದವಳು ಎಂಬುದು ನೆನಪಾಗಿ ಸುಮ್ಮನೆ ತೆಗೆದು ತೋರಿಸಿದೆ. ಮಧ್ಯಾಹ್ನದ ಹೊತ್ತಿಗೆ ನನ್ನ ಮೊಳಕಾಲುಗಳು ಒಂದಕ್ಕೊಂದು ಮಾತಾಡತೊಡಗಿದವು.

ಸಂಜೆಗೆ ಒಬ್ಬ ತಾಯಿ, ಮಗಳು ಬಂದರು. ಮಗಳಿಗೆ ಲಗ್ನ ಗೊತ್ತಾಗಿತ್ತು. ತಾಯಿ ಕೆಂಪು ಅಂದರೆ ಮಗಳು ನೀಲಿ, ಮಗಳು ನೀಲಿ ಅಂದರೆ ತಾಯಿ ಮುಖ ಉಬ್ಬಿಸುವಳು. ನೋಡುವಷ್ಟು ನೋಡಿ, ಹುಡುಗಿ ಅಳುಮೋರೆ ಮಾಡಿ ನನ್ನ ಕಡೆ ತಿರುಗಿ, "ನೀವರ ಹೇಳ್ರಿ ಕಾಕೂ, ನನಗ ಯಾವ್ದು ಒಪ್ಪತೈತಿ?" ಎಂದಳು. ನಮ್ಮ ಮನೆಯಲ್ಲಿ ಗೋಡೆಗೆ ಯಾವ ಬಣ್ಣ ಎಂದು ಕೂಡ ನನ್ನನ್ನು ಯಾರೂ ಕೇಳಿದವರಲ್ಲ. ಅವಳ ಮೈಬಣ್ಣ ನೋಡಿದೆ, ಅವಳ ತಾಯಿಯ ಮುಖ ನೋಡಿದೆ. ದಾಳಿಂಬೆ ಬಣ್ಣದ ಒಂದು ಸೀರೆ ತೆಗೆದು ಹುಡುಗಿಯ ಹೆಗಲ ಮೇಲೆ ಹಾಕಿ ಕನ್ನಡಿಯ ಎದುರು ನಿಲ್ಲಿಸಿದೆ. ತಾಯಿ ನೋಡಿದಳು, ಸೆರಗಿನಿಂದ ಕಣ್ಣು ಒರೆಸಿಕೊಂಡು, "ಇದ ಇರ್ಲಿ" ಎಂದಳು. ಪಾರ್ವತಕ್ಕ ಗಲ್ಲಾದಿಂದಲೇ ನನ್ನ ಕಡೆ ನೋಡಿ ತಲೆದೂಗಿದರು. ಬಸ್ಸಿನಲ್ಲಿ ಬರುವಾಗ ಕೂಡಲು ಜಾಗ ಸಿಗದಿದ್ದರೂ ನನಗೆ ಬೇಸರವಾಗಲಿಲ್ಲ.

ಮನೆಗೆ ಬಂದು ಚಪ್ಪಲಿ ಬಿಟ್ಟಾಗ ಪಾದಗಳು ಪೂರಿಯಂತೆ ಉಬ್ಬಿದ್ದವು. ಮನೆಯವರು ಸಿಟ್ಟು ಮಾಡಿದ್ದರೆ ನಾನು ಹಟ ಮಾಡುತ್ತಿದ್ದೆನೋ ಏನೋ. ಅವರು ಸಿಟ್ಟು ಮಾಡಲಿಲ್ಲ. ಬಕೆಟ್ಟಿನಲ್ಲಿ ಬಿಸಿನೀರು ತಂದರು, ಉಪ್ಪು ಹಾಕಿದರು, ಪಕ್ಕದಲ್ಲಿ ಕೂತು, "ನಿನ್ನ ಕಾಲು ನೋಡಾಕ ಆಗವಲ್ದು ನನಗ" ಎಂದರು. ಮದುವೆಯಾದ ಇಷ್ಟು ವರ್ಷಗಳಲ್ಲಿ ಅವರು ನನ್ನ ಕಾಲನ್ನು ನೋಡಿದ್ದೇ ಅಂದು. ಆ ಪ್ರೀತಿಗೆ ನಾನು ಕರಗಿಹೋದೆ. ಹೋಗಲೋ ಬೇಡವೋ ಎಂದು ನಾಲ್ಕು ದಿನ ಒಳಗೊಳಗೇ ತೂಗಿದೆ. ಬೆಳಿಗ್ಗೆ ಹೋಗಬೇಕು ಅನಿಸುವುದು, ಮೊಳಕಾಲು ಚುಳುಕ್ ಎಂದಾಗ ಬೇಡ ಅನಿಸುವುದು. ಪಾರ್ವತಕ್ಕನ ಫೋನು ಬಂದಾಗ ಗಾಬರಿಯಾಗಿ ಅದನ್ನು ಮನೆಯವರ ಕೈಗೆ ಕೊಟ್ಟು, "ಆಗೂದಿಲ್ಲ ಅಂತ ನೀವ ಹೇಳ್ರಿ" ಎಂದೆ. ಅವರು ಗಂಟಲು ಸರಿಮಾಡಿಕೊಂಡು, "ನಮ್ಮವ್ವಗ ಆರಾಮಿಲ್ರಿ. ಹಾಸಿಗಿ ಹಿಡದಾಳ. ಇಕಿ ಬಿಟ್ರ ನೋಡವ್ರು ಯಾರೂ ಇಲ್ರಿ" ಎಂದುಬಿಟ್ಟರು. ಹಾಸಿಗೆ ಹಿಡಿದವರು ಆಗ ಮಾಳಿಗೆಯ ಮೇಲೆ ಹಪ್ಪಳ ಹಾಕುತ್ತಿದ್ದರು.

ಅಲ್ಲಿಗೆ ಮುಗಿಯಿತು ಅಂದುಕೊಂಡೆವು. ಆ ಶನಿವಾರ ತುಳಸಿಗೇರಿಯ ಹನುಮಪ್ಪನಿಗೆ ಹೋಗಿದ್ದ ಪಾರ್ವತಕ್ಕ, ಮರಳುವಾಗ ಅಮೀನಗಡದಲ್ಲಿ ಕರದಂಟು ಕೊಂಡು, ನೆಟ್ಟಗೆ ನಮ್ಮ ಮನೆಗೇ ಬಂದರು. ಬಾಗಿಲಲ್ಲಿ ಕಾರು ನಿಂತ ಸಪ್ಪಳಕ್ಕೆ ನಾನು ಕಿಟಕಿಯಿಂದ ಇಣುಕಿ ಪಾರ್ವತಕ್ಕ ಎಂದದ್ದೇ ತಡ, ಮನೆಯವರು ಬೆಳ್ಳಗಾಗಿ, "ಅವ್ವಾ, ಮಕ್ಕೋ! ಲಗೂನ ಮಕ್ಕೋ!" ಎಂದರು. "ಯಾಕೋ? ನನಗೇನಾಗೇತಿ?" ಎನ್ನುತ್ತಿದ್ದ ಅತ್ತೆಯನ್ನು ಅವರು ಹಾಸಿಗೆಗೆ ನೂಕಿದರು, ನಾನು ದುಪ್ಪಟಿ ಹೊದಿಸಿದೆ. ಅತ್ತೆಯ ಕೈಯಲ್ಲಿದ್ದ ಹಿಟ್ಟು ದುಪ್ಪಟಿಗೆಲ್ಲ ಮೆತ್ತಿತು.

ಪಾರ್ವತಕ್ಕ ಹಾಸಿಗೆಯ ಪಕ್ಕ ಕೂತು ಅತ್ತೆಯ ಕೈ ಹಿಡಿದರು. "ಇದರಾಗ ಅಂಟು ಭಾಳ ಹಾಕಿರ್ತಾರ್ರಿ ಅವ್ವಾರ, ಶಕ್ತಿ ಬರ್ತೈತಿ" ಎಂದು ಕರದಂಟು ಮುರಿದು ಬಾಯಿಗಿಟ್ಟರು. ಸಾಯಲು ಮಲಗಿದ್ದ ಮುದುಕಿ ಕಟಕಟನೆ ಅಗಿಯುವ ಸದ್ದಿಗೆ ನಾನು ಜೋರಾಗಿ ಕೆಮ್ಮಿದೆ. "ನಿಮ್ಮ ಸಲುವಾಗಿ ಅಕ್ಕಾರು ಬಂದ ಕೆಲಸಾನ ಬಿಟ್ರು ನೋಡ್ರಿ. ಈಗಿನ ಕಾಲದಾಗ ಇಂಥಾ ಸೊಸಿ ಎಲ್ಲಿ ಸಿಗತಾಳ್ರಿ!" ಎಂದು ಅವರು ಅಂದಾಗ, ಅತ್ತೆ ಅಗಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಹೊರಡುವಾಗ ಪಾರ್ವತಕ್ಕ, "ಇವರು ಚೇತರಿಸಿಕೊಂಡ ಮ್ಯಾಲೆ ಹೇಳ್ರಿ. ಶ್ರಾವಣದ ತನಕ ಜಾಗಾ ಹಂಗ ಇಟ್ಟಿರ್ತೇನಿ" ಎಂದರು.

ಕಾರು ಹೋದ ಮೇಲೆ ಅತ್ತೆ ಎದ್ದು ಕೂತರು. ಬಯ್ಯುತ್ತಾರೆಂದು ಕಾದೆ. ಬಯ್ಯಲಿಲ್ಲ. "ಈಗರ ನೀ ಬಾಯಿ ಬಿಟ್ಟು ಖರೆ ಹೇಳ್ತಿ, ನಾ ಬರ್ತೇನಿ ಅಂತಿ ಅಂತ ಮಕ್ಕೊಂಡ ದಾರಿ ನೋಡಿದ್ನವಾ" ಎಂದರು. ನನ್ನ ಕಾಲು ನೋಯುತ್ತಿದ್ದವು ಎಂದೆ. ಅವರು ದುಪ್ಪಟಿಯ ಹಿಟ್ಟು ಕೊಡವುತ್ತ, "ನಾ ಏನೋ ಕರದಂಟು ತಿಂದು ಆರಾಮಾದೆ. ನೀ ಯಾವಾಗ ಆರಾಮಾಗ್ತಿ?" ಎಂದರು.

ಮನೆ ತೋರಿಸಿದ ಎದುರು ಮನೆಯವರಿಗೆ ಪಾರ್ವತಕ್ಕ ಎಲ್ಲ ಹೇಳಿಯೇ ಹೋಗಿದ್ದರಂತೆ, ಸುದ್ದಿ ಓಣಿಯ ತುಂಬ ಹರಡಿತು. ಅತ್ತೆಗಾಗಿ ನೌಕರಿ ಬಿಟ್ಟ ಸೊಸೆ, ರೊಟ್ಟಿಯ ಸಪ್ಪಳ ಮತ್ತೆ ಕೇಳಿಸುವುದು ಅವಳ ಸೇವೆಯಿಂದಲೇ ಎಂದು ಎದುರು ಮನೆಯವರು, ಹಿಂದಿನ ಮನೆಯವರು ಹೊಗಳಿದ್ದೇ ಹೊಗಳಿದ್ದು. ಅರಿಸಿನ ಕುಂಕುಮಕ್ಕೆ ಕರೆದು ಗಾದಿ ಹಾಕಿ ಕೂಡಿಸುತ್ತಿದ್ದರು. ನಾನು ಕೂತು ಕೂತು ದಪ್ಪಗಾದೆ.

ಶ್ರಾವಣ ಮುಗಿಯಲು ಬಂದಾಗ ಒಂದು ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಪಾರ್ವತಕ್ಕನಿಗೆ ಫೋನು ಮಾಡಿದೆ. ಬರುತ್ತೇನೆ ಎಂದು ಹೇಳುವುದನ್ನು ಅದಕ್ಕೂ ಮೊದಲು ಎರಡು ಸಲ ಬಾಯಿಪಾಠ ಮಾಡಿದ್ದೆ. ಅವರು, "ಅವ್ವಾರು ಹೆಂಗದಾರ್ರಿ?" ಎಂದರು. ಭಾಳ ಆರಾಮದಾರ ಎಂದೆ. "ಚಲೋ ಆತ್ರಿ. ನಾನೂ ನಿಮ್ಮ ದಾರಿ ನೋಡಾಕತ್ತಿದ್ದೆ. ಮೊನ್ನೆ ಒಬ್ಬಾಕಿ ಬಂದು ಕೇಳಿದ್ಲು, ಇನ್ನೂ ಹೂಂ ಅಂದಿಲ್ಲ. ಮತ್ತ ನೀವೇನಂತೀರಿ? ಬರ್ತೀರೇನ್ರಿ?" ಎಂದರು.

ಬಾಯಿಪಾಠ ಮಾಡಿದ ಮಾತು ನಾಲಿಗೆಯ ತುದಿಗೆ ಬಂದಿತ್ತು. "ಸುಮ್ಮನ ಮಾತಾಡ್ಸೋಣಂತ ಮಾಡಿದ್ನಿರಿ. ಒಲಿ ಮ್ಯಾಲೆ ಹಾಲು ಇಟ್ಟೀನಿ, ಉಕ್ಕಾಕತ್ತಾವ" ಎಂದು ಫೋನು ಇಟ್ಟುಬಿಟ್ಟೆ.

ಒಲೆ ಹೊತ್ತಿಸಿರಲಿಲ್ಲ. ಅಡುಗೆ ಮನೆಗೆ ಹೋಗಿ ಹೊತ್ತಿಸಿದೆ, ಹಾಲೂ ಇಟ್ಟೆ. ಉಕ್ಕುವವರೆಗೆ ಅದರ ಮುಂದೆ ನಿಂತೇ ಇದ್ದೆ. ಕಾಲು ಒಂದಿಷ್ಟೂ ನೋಯಲಿಲ್ಲ.