ಉಜ್ಜಿನಪ್ಪ ಕಾಪಾಡಿದ ಸರ್ಕಾರಿ ಸದ್ದು

ಕಲ್ಯಾಣದುರ್ಗದ ಒಣಭೂಮಿ ಹಸಿರು ಪ್ರಗತಿ ಕಚೇರಿಯ ಕಾರು ಎಡಕ್ಕೆ ತಿರುಗುವಾಗ ಸ್ಟೀರಿಂಗಿನಿಂದ ‘ಕುಂಯ್’ ಎಂಬ ಸದ್ದು ಹೊರಡುತ್ತಿದ್ದುದು ನಿರ್ವಿವಾದ ಸಂಗತಿ. ಬಲಕ್ಕೆ ತಿರುಗುವಾಗ ಅದು ಸರ್ಕಾರಿ ವಾಹನಕ್ಕೆ ತಕ್ಕ ಮೌನ ವಹಿಸುತ್ತಿತ್ತು.

ಡ್ರೈವರ್ ಉಜ್ಜಿನಪ್ಪ ಇದನ್ನು ವರದಿ ಮಾಡಿ ಕೆಟ್ಟ. ಸಾಹೇಬರಾದ ಜಯಚಂದ್ರ ಅವರು ಕೂಡಲೇ ಆದೇಶ ಹೊರಡಿಸಿದರು: “ಸದರಿ ಸದ್ದಿನ ಮೂಲವನ್ನು ಹಿಂದೂಪುರದ ಶಬ್ದ ಪರಿಶೀಲನಾ ಸಮಿತಿಯು ಖುದ್ದಾಗಿ ಆಲಿಸಿ ನಿರ್ಧರಿಸತಕ್ಕದ್ದು. ಅಲ್ಲಿಯವರೆಗೆ ಸದ್ದನ್ನು ಇದ್ದಂತೆಯೇ ಕಾಪಾಡುವುದು ಚಾಲಕನ ಜವಾಬ್ದಾರಿ.”

ಕಾಪಾಡಿದ, ಪಾಪ. ಬ್ರಹ್ಮಸಮುದ್ರಕ್ಕೆ ಹೋದರೂ ಕುಂಯ್, ಬಂದರೂ ಕುಂಯ್. ಸಮಿತಿಗೋ ಪುರುಸೊತ್ತಿಲ್ಲ, ಇವನ ತಲೆ ಕೆಟ್ಟು ಮೊಸರು ಗಡಿಗೆಯಾಯಿತು. ಕೊನೆಗೊಂದು ಸಂಜೆ, ಹಾಳಾಗಿ ಹೋಗಲಿ ಎಂದು ಬಾನೆಟ್ ಎತ್ತಿ ಸ್ಟೀರಿಂಗ್ ಆಯಿಲ್ ಸುರಿದೇಬಿಟ್ಟ. ಸದ್ದು ನಿಂತಿತು. ಅವತ್ತು ಒಂದು ಮುದ್ದೆ ಹೆಚ್ಚಿಗೇ ಉಂಡ.

ಮಾರನೇ ದಿನ, ‘ಸಮಿತಿ ನಾಳೆ ಬರುತ್ತದೆ’ ಎಂಬ ಸುದ್ದಿ ಬಂತು. ಸಾಹೇಬರು ತಾವೇ ಸ್ಟೀರಿಂಗ್ ಹಿಡಿದು ಎಡಕ್ಕೆ ತಿರುಗಿಸಿ ನೋಡಿದರು. ಅವರ ಮುಖ ಸುಟ್ಟ ಬದನೆಕಾಯಿಯಾಯಿತು.

“ಏಮಯ್ಯಾ ಉಜ್ಜಿನಪ್ಪ, ಸದ್ದು ಎಲ್ಲಯ್ಯಾ?”

“ಆಯಿಲ್ ಕಮ್ಮಿ ಇತ್ತು ಸಾ, ಹಾಕ್ಬುಟ್ಟೆ. ಹೊಂಟೋಯ್ತು.”

“ಅಯ್ಯೋ ಪಾಪಿ! ತನಿಖೇಲಿರೋ ಸದ್ದು ಕಣಯ್ಯಾ ಅದು, ನಿಮ್ಮಪ್ಪನ ಮನೆ ಆಸ್ತಿಯಾ? ಸಮಿತಿಯೋರ ಊಟ, ಲಾಡ್ಜು, ಹೊಸ ಕಾರಿನ ಮಂಜೂರಾತಿ ಎಲ್ಲಾ ಅದರ ಮೇಲೇ ನಿಂತೈತೆ. ನಾಳೆ ಸದ್ದು ಹಾಜರಾಗ್ಲಿಲ್ಲಾಂದ್ರೆ, ಸರ್ಕಾರಿ ಶಬ್ದ ನಾಶ ಮಾಡಿದ್ದಕ್ಕೆ ನೀನು ಸಸ್ಪೆಂಡು!”

ಉಜ್ಜಿನಪ್ಪ ಮತ್ತೆ ಬಾನೆಟ್ ಎತ್ತಿದ. ಈ ಕೆಲಸ ಹೋದರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಆಯಿಲ್ ತೆಗೆದು ನೋಡಿದ. ಸ್ಟೀರಿಂಗ್ ‘ಗರ್’ ಎಂದಿತು. ಕಡತದಲ್ಲಿದ್ದದ್ದು ‘ಕುಂಯ್’. ಆಯಿಲನ್ನು ಮತ್ತೆ ಸುರಿದು ಮನೆಗೆ ಹೋಗಿ ಕುಕ್ಕರಿಸಿದ.

ಹೆಂಡತಿ ಶಿವಲಕ್ಷ್ಮಮ್ಮ ಎಲ್ಲಾ ಕೇಳಿ, “ಅಷ್ಟಕ್ಕೆ ಯಾಕಯ್ಯಾ ಮಕ ಇಳಿಬಿಟ್ಕಂಡಿದ್ದೀಯ? ನಿನ್ನ ಗೊರಕೇಲಿ ಅದಕ್ಕಿಂತ ಚೆಂದಾಗಿ ಬತ್ತದೆ. ನೀನೇ ಅಂದ್ಬುಡು” ಎಂದಳು.

ಸಮಿತಿ ಬಂತು. ಅಧ್ಯಕ್ಷೆ ಅನಿತಾ ಮೇಡಂ, ಸದಸ್ಯರೊಂದಿಗೆ ಹಿಂದಿನ ಸೀಟಿನಲ್ಲಿ ವಿರಾಜಮಾನರಾದರು. ಮೊದಲ ಎಡ ತಿರುವಿನಲ್ಲಿ ಉಜ್ಜಿನಪ್ಪ ತುಟಿ ಬಿಗಿದು, ದೇವರ ಮೇಲೆ ಭಾರ ಹಾಕಿ, ಮೂಗಿನಿಂದ ‘ಕುಂಯ್’ ಎಂದ.

ಮೇಡಂ ಕಣ್ಣು ಮುಚ್ಚಿ ಆಲಿಸಿದರು. “ಬಾಗುಂದಿ, ಚೆನ್ನಾಗಿದೆ! ಇನ್ನೊಂದು ಸಾರಿ ತಿರುಗಿಸಪ್ಪಾ.”

ಪೆನುಕೊಂಡದವರೆಗೂ ತಿರುಗಿಸಿದ. ನಡುವೆ ಒಂದು ಬಲ ತಿರುವಿನಲ್ಲಿ ಅವನಿಗೆ ಕೆಮ್ಮು ಬಂತು. ‘ರೋಗ ಬಲಕ್ಕೂ ಹಬ್ಬಿದೆ’ ಎಂದು ದಾಖಲಾಯಿತು. ವರದಿಯ ಸಾರ: ಸದ್ದು ಅಸಲಿ, ಮೂಲ ಅಜ್ಞಾತ, ಪ್ರತಿ ತಿಂಗಳೂ ಆಲಿಸತಕ್ಕದ್ದು. ಮಂಜೂರಾದ ಹೊಸ ಕಾರು ಸಮಿತಿಯ ಓಡಾಟಕ್ಕೇ ಬೇಕಾಯಿತು. ಉಜ್ಜಿನಪ್ಪನ ಕೆಲಸ ಉಳಿಯಿತು, ಕುಂಯ್ ಕೂಡ ಉಳಿಯಿತು. ಯಾರು ಎಲ್ಲಿ ನಿಂತು ಕೇಳುತ್ತಾರೋ ಎಂದು ಅವನು ಒಂದು ತಿರುವನ್ನೂ ಬಿಡಲಿಲ್ಲ.

ಕಡೆಗೆ ಗಂಟಲು ಕಟ್ಟಿ ಮಲಗಿದ. ಬದಲಿ ಡ್ರೈವರ್ ಕಾಳಪ್ಪ ಬಸ್‌ಸ್ಟ್ಯಾಂಡಿನ ಬಳಿ ಎಡಕ್ಕೆ ತಿರುಗಿಸಿದ್ದೇ ತಡ, ಟೀ ಅಂಗಡಿಯವರೆಲ್ಲ ಎದ್ದು ಓಡಿಬಂದರು.

“ನಿಲ್ಸೋ ಕಾಳಪ್ಪ! ಸ್ಟೀರಿಂಗ್ ಕೆಟ್ಟೋಗೈತೆ ಕಣ್ಲಾ, ಕುಂಯ್ ಅಂತಾನೇ ಇಲ್ಲ!”

ಕಾಳಪ್ಪ ಹೆದರಿ ಕಾರನ್ನು ಅಲ್ಲೇ ಬಿಟ್ಟ. ಸಾಹೇಬರು ಉಜ್ಜಿನಪ್ಪನ ಮನೆಗೇ ಡಾಕ್ಟರನ್ನು ಕರೆತಂದರು. ಅವನ ರಜೆಯನ್ನು ‘ವಾಹನ ದುರಸ್ತಿ’ ಎಂದು ಬರೆದು, ಗಂಟಲಿನ ಔಷಧಿಯನ್ನು ಬಿಡಿಭಾಗಗಳ ಲೆಕ್ಕಕ್ಕೆ ಸೇರಿಸಿದರು. ಉಜ್ಜಿನಪ್ಪನಿಗೂ ಅದು ನ್ಯಾಯವಾಗಿಯೇ ಕಂಡಿತು.