ಬಾವಿಯ ದೆವ್ವದ ಅರ್ಜಿ

‘ನನ್ನ ಬರಹದಲ್ಲಿ ಳ-ಕಾರಕ್ಕೆ ಬಾಲ ಉದ್ದ. ಅದರಿಂದಲೇ ಸಿಕ್ಕಿಬೀಳುತ್ತೇನೇನೋ’ ಎಂದು ರೇಣಮ್ಮ ಬೆಳಿಗ್ಗೆ ದಿನಚರಿಯಲ್ಲಿ ಬರೆದುಕೊಂಡಳು. ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ ಸುರಪುರಕ್ಕೆ ಮರಳಿ ಮೂರು ತಿಂಗಳಾಗಿತ್ತು. ಓಣಿಯಲ್ಲಿ ಯಾರೂ ಅವಳ ದನಿ ಕೇಳಿರಲಿಲ್ಲ.

ಮೂಲೆಯಲ್ಲಿ ಅಜ್ಜಿ ಗೊಲ್ಲಾಳಮ್ಮ ನರಳುತ್ತಿದ್ದಳು. ಅವಳ ಹಿಮ್ಮಡಿಯಿಂದ ನಾರುಹುಳ ಬಿಳಿ ದಾರದಂತೆ ಹೊರಬರುತ್ತಿತ್ತು. ದಿನಕ್ಕೆ ಎರಡು ಬೆರಳಷ್ಟು ಕಡ್ಡಿಗೆ ಸುತ್ತಬೇಕು, ಎಳೆದರೆ ಹರಿಯುತ್ತದೆ. ಇಂಥ ಹುಣ್ಣಿನ ಉರಿ ತಾಳದವರು ಓಣಿಯ ಮೆಟ್ಟಿಲುಬಾವಿಗಿಳಿದು ಕಾಲು ಅದ್ದುತ್ತಿದ್ದರು. ಅದೇ ನೀರನ್ನು ಎಲ್ಲರೂ ಕುಡಿಯುತ್ತಿದ್ದರು. ಹುಳ ನೆಂಟರಂತೆ ಮನೆಯಿಂದ ಮನೆಗೆ ಹೋಗಿ ಬರುತ್ತಿತ್ತು.

ಕಾಲು ಅದ್ದಬೇಡಿ ಎಂದು ಬಾಯಿಬಿಟ್ಟು ಹೇಳಲು ಧೈರ್ಯವಿಲ್ಲದ ರೇಣಮ್ಮ, ಜನ ನಕ್ಕಾದರೂ ನಾಚಿಕೊಳ್ಳಲಿ ಎಂದು ಒಂದು ಅಣಕದ ಅರ್ಜಿ ಬರೆದು ನಸುಕಿನಲ್ಲೇ ಬಾವಿಯ ಕಮಾನಿಗೆ ಅಂಟಿಸಿ ಬಂದಿದ್ದಳು.

ನಡುಹಗಲು. ನೆರಳುಗಳೆಲ್ಲ ಕಾಲಡಿ ಅಡಗಿದ್ದವು. ಬಾವಿಯ ಸುತ್ತ ಜನ, ಅವರ ಹಿಂದೆ ರೇಣಮ್ಮ. ಕಚೇರಿ ಮುಂದೆ ಅರ್ಜಿ ಬರೆದುಕೊಡುವ ಅಮೀನುದ್ದೀನ ಓದುತ್ತಿದ್ದ:

‘ತಹಶೀಲ್ದಾರ ಸಾಹೇಬರಿಗೆ ಈ ಬಾವಿಯ ದೆವ್ವದ ಅರ್ಜಿ. ಜನ ಹುಣ್ಣಿನ ಕಾಲು ತಂದು ನನ್ನ ಮನೆಯಲ್ಲಿ ಅದ್ದುತ್ತಾರೆ. ಸತ್ತ ನನಗೇ ನಾರುಹುಳದ ಕಾಟದಿಂದ ಜೀವಭಯ. ದಯಮಾಡಿ ಬೇರೆ ಬಾವಿಗೆ ವರ್ಗ ಮಾಡಬೇಕು.’

ಯಾರೂ ನಗಲಿಲ್ಲ.

“ಯಾರೋ ಚೇಷ್ಟೆ ಮಾಡ್ಯಾರೇನ್ರಿ?” ಎಂದು ಹಿಂದಿನಿಂದ ಒಬ್ಬ ಕೇಳಿದ.

“ಸರ್ಕಾರಕ್ಕ ಉರ್ದುದಾಗ ಅರ್ಜಿ ಕೊಡಬೇಕಂತ ಕೂಸಿಗೂ ಗೊತ್ತದ. ಇದು ಕನ್ನಡದಾಗದ! ಸ್ಟಾಂಪಿಲ್ಲ, ಮುದ್ರಿಲ್ಲ. ಬದುಕಿದ್ದವರು ಹಿಂಗ ಬರಿಯಂಗಿಲ್ಲ” ಎಂದ ಅಮೀನುದ್ದೀನ.

“ಅಯ್ಯ, ‘ಹುಳ’ದ ಬಾಲ ನೋಡ್ರಿ, ಅಲ್ಲಾಡಾಕತ್ತದ!” ಪಕ್ಕದ ಮನೆಯ ಮಲ್ಲಾಬಾಯಿ ಚೀರಿದಳು.

ಗಾಳಿ ಇರಲಿಲ್ಲ. ಆದರೂ ಕಾಗದದ ಅಂಚು ನಡುಗುತ್ತಿತ್ತು. ಬರೆದ ರೇಣಮ್ಮನೇ ಒಂದು ಹೆಜ್ಜೆ ಹಿಂದಿಟ್ಟಳು.

“ದೆವ್ವ ವರ್ಗ ಆದ್ರ ನೀರು ಬತ್ತಿ ಹೋಗ್ತದ. ಇಳೀರಿ ಎಲ್ಲಾರೂ! ಯಾವ ಕಾಲಿಂದ ತಪ್ಪಾಗ್ಯದೋ ಆ ಕಾಲು ಮುಳುಗಿಸಿ ಮಾಫಿ ಕೇಳ್ರಿ!” ಎಂದಳು ಮಲ್ಲಾಬಾಯಿ.

ಹುಣ್ಣಿದ್ದವರು, ಇಲ್ಲದವರು, ಇಡೀ ಓಣಿಯೇ ಮೊಣಕಾಲುಮಟ ನೀರಿಗಿಳಿಯಿತು. ನೀರು ಗಂಜಿಯಂತೆ ಕದಡಿತು. ಕಮಾನಿನ ಕತ್ತಲಲ್ಲಿ ಗುಳುಗುಳು ಸದ್ದಾಯಿತು.

ಮಲ್ಲಾಬಾಯಿ ಅದೇ ನೀರಲ್ಲಿ ತಂಬಿಗೆ ತುಂಬಿ, ಮೆಟ್ಟಿಲ ಮೇಲೇ ಉಳಿದಿದ್ದ ರೇಣಮ್ಮನ ಕೈಗಿಟ್ಟಳು. “ತೀರ್ಥ ಅದವ್ವ. ಮೊದಲ ನಿಮ್ಮಜ್ಜಿಗಿ ಕುಡಿಸು.”

ಬಿಳಿ ದಾರ ಸುತ್ತಿದ ಕಡ್ಡಿ ರೇಣಮ್ಮನ ಕಣ್ಣ ಮುಂದೆ ತಿರುಗಿತು. ಮೂರು ತಿಂಗಳ ಮೌನ ಒಮ್ಮೆಲೇ ಒಡೆಯಿತು.

“ಬ್ಯಾಡ! ಆ ಅರ್ಜಿ ಬರದಾಕಿ ನಾನು!”

‘ನಾನು… ನಾನು…’ ಬಾವಿ ತಳದಿಂದ ಒಪ್ಪಿಕೊಂಡಿತು.

“ಯಾ ಅಲ್ಲಾ! ತುಟಿ ಬಿಚ್ಚದ ಹುಡುಗಿ ಮೈಯಾಗ ದೆವ್ವ ಬಂದು ಮಾತಾಡ್ತಲ್ಲ!” ಅಮೀನುದ್ದೀನ ಎರಡು ಮೆಟ್ಟಿಲು ಹಿಂದೆ ಸರಿದ.

ಮಲ್ಲಾಬಾಯಿ ರೇಣಮ್ಮನ ಕಾಲಿಗೆ ಬಿದ್ದೆದ್ದಳು. ತಂಬಿಗೆಯನ್ನು ಭಕ್ತಿಯಿಂದ ಅವಳ ತುಟಿಗೇ ಒತ್ತಿದಳು.

“ಗೊತ್ತಾತು ತಾಯಿ. ನಿನ್ನ ನೀರು, ಮೊದಲ ಗುಟುಕು ನಿಂದ.”